ಹೊಸ ಬಾತ್‌ರೂಮಿಗೆ ಹಳೇ ವಾಸನೆ ಯಾಕೆ? ಗಾಳಿ ಪೈಪಿನ ವಿಚಾರ

ಅಂಗಡಿಯಿಂದ ತಂದ ಎಣ್ಣೆ ಡಬ್ಬಕ್ಕೆ ನಮ್ಮಜ್ಜಿ ಯಾವಾಗಲೂ ಎರಡು ತೂತು ಹೊಡೆಯುತ್ತಿದ್ದರು. ಒಂದು ಮೂಲೆಯಲ್ಲಿ ದೊಡ್ಡದು, ಎದುರು ಮೂಲೆಯಲ್ಲಿ ಚಿಕ್ಕದು. ಒಂದೇ ತೂತಿದ್ದರೆ ಎಣ್ಣೆ ಗುಳುಗುಳು ಅಂತ ತಡೆದು ತಡೆದು ಬೀಳುತ್ತದೆ, ಸುತ್ತ ಸಿಡಿಯುತ್ತದೆ. ಎರಡನೇ ತೂತಿದ್ದರೆ ದಾರ ಬಿಟ್ಟ ಹಾಗೆ ಇಳಿಯುತ್ತದೆ. ಎಣ್ಣೆ ಹೊರಗೆ ಬಂದಷ್ಟು ಗಾಳಿ ಒಳಗೆ ಹೋಗಬೇಕು. ಜುಟ್ಟು ಕಿತ್ತ ತೆಂಗಿನಕಾಯಿಗೆ ಒಂದೇ ಕಣ್ಣು ಚುಚ್ಚಿ ಬೋರಲು ಹಾಕಿ ನೋಡಿ, ನೀರು ಸರಿಯಾಗಿ ಬರುವುದೇ ಇಲ್ಲ.

ಬಾತ್‌ರೂಮಿನ ಕೊಳೆನೀರಿನ ಪೈಪಿಗೂ ಆ ಎರಡನೇ ತೂತು ಬೇಕು. ಅದನ್ನೇ ವೆಂಟ್ ಪೈಪು, ಏರ್ ಪೈಪು, ಗಾಳಿ ಪೈಪು ಅಂತ ಕರೆಯುತ್ತಾರೆ. ಬಾತ್‌ರೂಮು ಒಡೆದು ಹೊಸದು ಮಾಡಿಸುವಾಗ ಟೈಲ್ಸ್ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುತ್ತೇವೆ. ನಲ್ಲಿ ಯಾವ ಕಂಪನಿಯದು ಅಂತ ವಾರಗಟ್ಟಲೆ ಚರ್ಚೆ ಮಾಡುತ್ತೇವೆ. ಈ ಗಾಳಿ ಪೈಪಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ವಾಸನೆ ಬಂದಾಗ ಅದರ ನೆನಪಾಗುತ್ತದೆ. ಅಷ್ಟರಲ್ಲಿ ಎಲ್ಲವೂ ಸಿಮೆಂಟಿನ ಒಳಗೆ ಸೇರಿಹೋಗಿರುತ್ತದೆ.

ನಮ್ಮ ಮನೆಯಲ್ಲಿ ಹೀಗೇ ಆಯಿತು. ಮೈಸೂರಿನಲ್ಲಿ 1986ರಲ್ಲಿ ಕಟ್ಟಿದ ಮನೆ. ಮಹಡಿಯ ಬಾತ್‌ರೂಮು 5 ಅಡಿಗೆ 7 ಅಡಿ. ನೆಲ ಬಿರುಕು ಬಿಟ್ಟು ಕೆಳಗಿನ ಕೋಣೆಯ ಸೀಲಿಂಗಿಗೆ ನೀರು ಜಿನುಗುತ್ತಿತ್ತು. ಹಾಗಾಗಿ ಪೂರ್ತಿ ಒಡೆಸಿದೆವು. ಹೊಸ ಕಮೋಡು, ಹೊಸ ಬೇಸಿನ್, ಹಳೆಯ ಬೀಡು ಪೈಪಿನ ಜಾಗಕ್ಕೆ ಪಿವಿಸಿ. ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಬೆಳಗ್ಗೆ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಕಮೋಡ್ ಫ್ಲಶ್ ಮಾಡಿದರೆ ಬೇಸಿನ್ನಿನೊಳಗಿಂದ ಗೊರ್ ಅನ್ನುವ ಸದ್ದು. ಫಿನಾಯಿಲ್ ಸುರಿದೆವು, ಆಸಿಡ್ ಹಾಕಿದೆವು, ಜಾಲರಿಯ ಮೇಲೆ ನುಸಿಗುಳಿಗೆ ಇಟ್ಟೆವು. ಒಂದು ತಿಂಗಳು ಹೀಗೇ ಹೋಯಿತು. ಕೊನೆಗೆ ಒಂದು ದಿನ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಕಣ್ಣಿಗೆ ಬಿತ್ತು. ಮೊದಲು ಪ್ಯಾರಪೆಟ್ ಗೋಡೆ ದಾಟಿ ಮೇಲಕ್ಕೆ ನಿಂತಿದ್ದ ಎರಡು ಪೈಪುಗಳು ಇರಲಿಲ್ಲ. ಹೊಸ ಪೈಪುಗಳನ್ನು ಬಾತ್‌ರೂಮಿನ ಮಟ್ಟದಲ್ಲೇ ನಿಲ್ಲಿಸಿ, ಮೇಲೆ ಮುಚ್ಚಳ ಹಾಕಿ ಅಂಟಿಸಿದ್ದರು. ಮಳೆನೀರು, ಪಾರಿವಾಳ ಒಳಗೆ ಹೋಗಬಾರದು ಅಂತ ಹಾಗೆ ಮಾಡಿದೆ ಎಂದರು ಪ್ಲಂಬರ್. ಅವರ ಮನಸ್ಸಿನಲ್ಲಿ ಅದು ಒಳ್ಳೆಯ ಕೆಲಸವೇ ಆಗಿತ್ತು.

ಆ ಮುಚ್ಚಳಕ್ಕೂ ವಾಸನೆಗೂ ಏನು ಸಂಬಂಧ? ಅದು ತಿಳಿಯಬೇಕಾದರೆ ಮೊದಲು ಟ್ರ್ಯಾಪ್ ಅನ್ನುವುದು ಏನು ಅಂತ ನೋಡಬೇಕು.

ಎರಡು ಇಂಚು ನೀರು

ಬೇಸಿನ್ನಿನ ಕೆಳಗೆ ಬಾಗಿದ ಒಂದು ಪೈಪೋ ಬಾಟಲಿಯಂಥ ತುಂಡೋ ಇರುತ್ತದೆ. ಕಮೋಡಿನ ಒಳಗೂ ಅಂಥದ್ದೇ ಒಂದು ತಿರುವು ಇದೆ. ನೆಲದ ಜಾಲರಿಯ ಕೆಳಗೆ ಇರುವುದನ್ನು ನಮ್ಮ ಕಡೆ ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಈ ಮೂರೂ ಮಾಡುವ ಕೆಲಸ ಒಂದೇ. ಕೊಂಚ ನೀರನ್ನು ಯಾವಾಗಲೂ ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಆ ನೀರೇ ಬಾಗಿಲು. ಚರಂಡಿಯ ಗಾಳಿ ಆ ನೀರನ್ನು ದಾಟಿ ಮನೆಯೊಳಗೆ ಬರಲಾರದು. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕಮಿಂಗ್ ಎಂಬವರು 1775ರಲ್ಲಿ ಎಸ್ ಆಕಾರದ ತಿರುವಿರುವ ಶೌಚಾಲಯಕ್ಕೆ ಪೇಟೆಂಟ್ ಪಡೆದರು. ಇವತ್ತಿಗೂ ನಾವು ಬಳಸುವುದು ಅದೇ ಉಪಾಯ.

ಈ ನೀರಿನ ಬಾಗಿಲು ಎಷ್ಟು ದಪ್ಪ ಇರುತ್ತದೆ? ಸಾಮಾನ್ಯವಾಗಿ 50 ಮಿಲಿಮೀಟರ್, ಅಂದರೆ ಎರಡು ಇಂಚು. ಅಷ್ಟು ನೀರು ತಡೆದುಕೊಳ್ಳುವ ಒತ್ತಡ ಸುಮಾರು 500 ಪ್ಯಾಸ್ಕಲ್. ನಮ್ಮ ಸುತ್ತ ಇರುವ ಗಾಳಿಯ ಒತ್ತಡ ಒಂದು ಲಕ್ಷ ಪ್ಯಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾದರೆ ಪೈಪಿನೊಳಗಿನ ಗಾಳಿಯ ಒತ್ತಡ ಇನ್ನೂರರಲ್ಲಿ ಒಂದು ಪಾಲಿನಷ್ಟು ಏರುಪೇರಾದರೆ ಸಾಕು, ಈ ಬಾಗಿಲು ಸೋತುಹೋಗುತ್ತದೆ. ನನಗೆ ಇಡೀ ವಿಷಯ ಅರ್ಥವಾಗಿದ್ದು ಈ ಲೆಕ್ಕ ನೋಡಿದ ಮೇಲೆ. ಇಷ್ಟು ಸೂಕ್ಷ್ಮವಾದದ್ದನ್ನು ನಂಬಿ ನಾವು ಮನೆಯೊಳಗೆ ಶೌಚಾಲಯ ಇಟ್ಟುಕೊಂಡಿದ್ದೇವೆ.

ಈಗ ನೇರವಾಗಿ ನಿಂತ ದೊಡ್ಡ ಪೈಪಿನೊಳಗೆ ಏನಾಗುತ್ತದೆ ನೋಡಿ. ಫ್ಲಶ್ ಮಾಡಿದಾಗ 6 ಲೀಟರ್ ನೀರು ಕೆಲವೇ ಸೆಕೆಂಡುಗಳಲ್ಲಿ ಅದಕ್ಕೆ ನುಗ್ಗುತ್ತದೆ. ಆ ನೀರು ಪೈಪಿನ ಗೋಡೆಗೆ ಅಂಟಿಕೊಂಡು ಸುತ್ತಲೂ ಪದರದ ಹಾಗೆ ಇಳಿಯುತ್ತದೆ. ನಡುವೆ ಗಾಳಿಯ ಕಂಬ ಇರುತ್ತದೆ. ಇಳಿಯುವ ನೀರು ತನ್ನ ಜೊತೆ ಆ ಗಾಳಿಯನ್ನೂ ಕೆಳಕ್ಕೆ ಎಳೆಯುತ್ತದೆ. ಎಳೆದುಕೊಂಡು ಹೋದ ಗಾಳಿಯ ಜಾಗಕ್ಕೆ ಹೊಸ ಗಾಳಿ ಮೇಲಿಂದ ಬರಬೇಕು. ಪೈಪು ತಾರಸಿಯ ಮೇಲೆ ಬಾಯಿ ತೆರೆದುಕೊಂಡಿದ್ದರೆ ಅಲ್ಲಿಂದ ಬರುತ್ತದೆ. ಅಲ್ಲಿ ಮುಚ್ಚಳ ಇದ್ದರೆ? ಪೈಪು ಬೇರೆ ದಾರಿ ಹುಡುಕುತ್ತದೆ. ಹತ್ತಿರದ ದಾರಿ ಅಂದರೆ ಬೇಸಿನ್ನಿನ ಟ್ರ್ಯಾಪು, ನೆಲದ ಟ್ರ್ಯಾಪು. ಅಲ್ಲಿನ ನೀರನ್ನು ಎಳೆದುಹಾಕಿ ನಮ್ಮ ಬಾತ್‌ರೂಮಿನ ಗಾಳಿಯನ್ನೇ ಕುಡಿಯುತ್ತದೆ. ನಾವು ಕೇಳುವ ಗೊರ್ ಸದ್ದು ಅದೇ. ನೀರು ಹೋದ ಮೇಲೆ ಆ ದಾರಿ ತೆರೆದೇ ಇರುತ್ತದೆ. ಆಮೇಲೆ ಚರಂಡಿಯ ಗಾಳಿ ನಿಧಾನವಾಗಿ ಒಳಗೆ ಬರುತ್ತದೆ. ರಾತ್ರಿಯೆಲ್ಲ ಮುಚ್ಚಿದ್ದ ಬಾತ್‌ರೂಮಿನಲ್ಲಿ ಬೆಳಗ್ಗೆ ವಾಸನೆ ಜಾಸ್ತಿ ಇರುವುದು ಇದರಿಂದಲೇ.

ಇದು ಇನ್ನೊಂದು ರೀತಿಯಲ್ಲೂ ಆಗಬಹುದು. ಸೀಮೆಎಣ್ಣೆ ಡ್ರಮ್ಮಿಗೆ ರಬ್ಬರ್ ಪೈಪು ಇಟ್ಟು ಒಮ್ಮೆ ಎಳೆದರೆ ಆಮೇಲೆ ತಾನಾಗಿಯೇ ಸುರಿಯುತ್ತಾ ಇರುತ್ತದಲ್ಲ, ಹಾಗೆ. ಬೇಸಿನ್ ತುಂಬಿಸಿ ಒಮ್ಮೆಲೇ ಬಿಟ್ಟರೆ ಸಣ್ಣ ಪೈಪು ಪೂರ್ತಿ ತುಂಬಿಕೊಂಡು ಓಡುತ್ತದೆ. ಕೊನೆಯಲ್ಲಿ ತನ್ನ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬೇಸಿನ್ನಿನ ತಳ ಗುಂಡಗಿರುವುದರಿಂದ ಕೊನೆಗೆ ಜಿನುಗುವ ನೀರು ಕಡಿಮೆ, ಟ್ರ್ಯಾಪು ಮತ್ತೆ ತುಂಬುವುದಿಲ್ಲ. ಹಾಗಾಗಿ ಬಾತ್‌ರೂಮಿನಲ್ಲಿ ಮೊದಲು ಸೋಲುವುದು ಬೇಸಿನ್ನಿನ ಟ್ರ್ಯಾಪು.

ಮೂರನೆಯದು ಇದಕ್ಕೆ ಉಲ್ಟಾ, ಅಂದರೆ ತಳ್ಳುವಿಕೆ. ಬಹುಮಹಡಿ ಕಟ್ಟಡದಲ್ಲಿ ಮೇಲಿಂದ ಬಿದ್ದ ನೀರು ಕೆಳಗಿನ ಬೆಂಡಿಗೆ ಬಡಿದು ವೇಗ ಕಳೆದುಕೊಳ್ಳುತ್ತದೆ, ಅಲ್ಲೇ ಎತ್ತರಕ್ಕೆ ತುಂಬುತ್ತದೆ. ಜೊತೆಗೆ ಬಂದ ಗಾಳಿಗೆ ಮುಂದೆ ದಾರಿ ಇಲ್ಲ. ಅದು ನೆಲಮಹಡಿಯ ಟ್ರ್ಯಾಪುಗಳ ಮೂಲಕ ಗುಳುಗುಳು ಅಂತ ಮೇಲಕ್ಕೆ ಬರುತ್ತದೆ. ಅಪಾರ್ಟ್‌ಮೆಂಟಿನ ಕೆಳಗಿನ ಮನೆಗಳಲ್ಲಿ ಜಾಲರಿಯಿಂದ ಸೋಪಿನ ನೊರೆ ಉಕ್ಕುವುದನ್ನು ನೀವು ನೋಡಿರಬಹುದು. ಅದೂ ಇದೇ ಸಂಬಂಧದ ತೊಂದರೆ. ಇಂಥ ಕಡೆ ನೆಲಮಹಡಿಯ ಬಾತ್‌ರೂಮನ್ನು ಆ ದೊಡ್ಡ ಪೈಪಿಗೆ ಸೇರಿಸದೆ, ಪ್ರತ್ಯೇಕವಾಗಿ ನೇರ ಚೇಂಬರಿಗೆ, ಅಂದರೆ ಹೊರಗಿನ ಚರಂಡಿ ಗುಂಡಿಗೆ ಬಿಡುವುದು ಸರಿಯಾದ ಕ್ರಮ.

ಹಳೆಯ ಬಚ್ಚಲಿಗೆ ಈ ತೊಂದರೆ ಯಾಕೆ ಇರಲಿಲ್ಲ

ಊರಿನ ಬಚ್ಚಲುಮನೆ ನೆನಪು ಮಾಡಿಕೊಳ್ಳಿ. ಹಂಡೆಯ ಪಕ್ಕದ ಕಲ್ಲಿನ ಮೇಲೆ ಸ್ನಾನ. ನೀರು ಗೋಡೆಯ ಬುಡದ ತೂತಿನಿಂದ ಹೊರಗೆ ಹರಿದು ಬಾಳೆಗಿಡದ ಬುಡ ಸೇರುತ್ತಿತ್ತು. ಅಲ್ಲಿ ಎಲ್ಲವೂ ಬಯಲು. ಗಾಳಿಗೆ ಬೇರೆ ದಾರಿ ಕೊಡುವ ಮಾತೇ ಬರುವುದಿಲ್ಲ. ಕಕ್ಕಸು ಹಿತ್ತಲಿನಲ್ಲಿ ದೂರ ಇರುತ್ತಿತ್ತು.

ಆಮೇಲೆ ಬಂದ ಪಟ್ಟಣದ ಮನೆಗಳಲ್ಲಿ ಎರಡು ಪೈಪಿನ ಪದ್ಧತಿ ಬಂತು. ಕಕ್ಕಸಿನ ನೀರಿಗೆ ಒಂದು ಪೈಪು, ಸ್ನಾನ ಮತ್ತು ಬೇಸಿನ್ನಿನ ನೀರಿಗೆ ಇನ್ನೊಂದು. ಸ್ನಾನದ ನೀರು ಕೆಳಗೆ ಗಲ್ಲಿ ಟ್ರ್ಯಾಪ್ ಅನ್ನುವ ಹೊರಗಿನ ಟ್ರ್ಯಾಪನ್ನು ದಾಟಿ ಆಮೇಲೆ ಚೇಂಬರಿಗೆ ಸೇರುತ್ತಿತ್ತು. ಎರಡೂ ಪೈಪು ಹೊರಗೋಡೆಯ ಮೇಲೆ ಹೋಗಿ, ತಾರಸಿ ದಾಟಿ ನಿಂತು, ತಲೆಗೆ ಟೋಪಿ ಹಾಕಿಕೊಂಡಿರುತ್ತಿದ್ದವು. ಆ ಟೋಪಿಗೆ ಕೌಲ್ ಅನ್ನುತ್ತಾರೆ. ಹಳೆಯ ಬಡಾವಣೆಗಳಲ್ಲಿ ಸುಮ್ನೆ ಒಮ್ಮೆ ತಲೆಯೆತ್ತಿ ನೋಡಿ, ಪ್ರತಿ ಮನೆಯ ಮೇಲೂ ಕಾಣುತ್ತವೆ. ನೋಡಲು ಚೆನ್ನಾಗಿಲ್ಲ ನಿಜ. ಆದರೆ ಆ ಪೈಪು ಮೂರು ಕೆಲಸ ಮಾಡುತ್ತಿತ್ತು. ನೀರು ಇಳಿಯುವಾಗ ಗಾಳಿ ಕೊಡುತ್ತಿತ್ತು. ಕೆಳಗೆ ಒತ್ತಡ ಹೆಚ್ಚಾದರೆ ಹೊರಗೆ ಬಿಡುತ್ತಿತ್ತು. ಚೇಂಬರಿನ, ಸೆಪ್ಟಿಕ್ ಟ್ಯಾಂಕಿನ ವಾಸನೆಯನ್ನು ನಮ್ಮ ಮೂಗಿಗಿಂತ ಎತ್ತರದಲ್ಲಿ ಬಯಲಿಗೆ ಬಿಡುತ್ತಿತ್ತು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಹಳೆಯ ಬಾತ್‌ರೂಮುಗಳಲ್ಲಿ ಬೇಸಿನ್ನಿನ ಪೈಪು ನೇರವಾಗಿ ನೆಲದ ಜಾಲರಿಯ ಮೇಲೆ ಬಂದು ಸುರಿಯುತ್ತಿತ್ತು. ನೀರು ಕಾಲಿಗೆ ಸಿಡಿಯುತ್ತದೆ ಅಂತ ನಾವು ಬೈಯುತ್ತಿದ್ದೆವು. ಆದರೆ ಆ ಪೈಪಿನ ಬಾಯಿ ಬಯಲಿಗೆ ತೆರೆದಿದ್ದರಿಂದ ಬೇಸಿನ್ನಿಗೆ ಯಾವ ಎಳೆತವೂ ತಟ್ಟುತ್ತಿರಲಿಲ್ಲ. ಆ ಜಾಲರಿಯೇ ಅದಕ್ಕೆ ಗಾಳಿ ಪೈಪು. ಈಗ ನಾವು ಬೇಸಿನ್ನಿನ ಪೈಪನ್ನು ಗೋಡೆಯೊಳಗೆ ಹುದುಗಿಸಿ, ನೆಲದ ಕೆಳಗೆ ನೇರವಾಗಿ ದೊಡ್ಡ ಪೈಪಿಗೆ ಸೇರಿಸುತ್ತೇವೆ. ನೋಡಲು ಚೊಕ್ಕಟ. ಆದರೆ ಹಳೆಯ ಗಾಳಿಯ ದಾರಿ ಮುಚ್ಚಿಹೋಯಿತು ಅನ್ನುವುದು ಯಾರ ಲೆಕ್ಕಕ್ಕೂ ಬರಲಿಲ್ಲ.

ಒಡೆಯುವ ಮೊದಲು ಒಂದು ಬೆಳಗ್ಗೆ

ಕೆಲಸ ಶುರು ಮಾಡುವ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ. ಮೊದಲು ತಾರಸಿಗೆ ಹೋಗಿ. ನಿಮ್ಮ ಬಾತ್‌ರೂಮಿನ ಪೈಪುಗಳು ಮೇಲೆ ಬಂದಿವೆಯೇ, ಬಾಯಿ ತೆರೆದಿದೆಯೇ, ಕಾಗೆಗೂಡೋ ಕಣಜದ ಗೂಡೋ ಕಟ್ಟಿದೆಯೇ ನೋಡಿ. ಆಮೇಲೆ ಕೆಳಗೆ ಬಂದು ನೆಲದ ಜಾಲರಿ ಎತ್ತಿ. ಒಬ್ಬರು ಟಾರ್ಚ್ ಹಿಡಿದು ಟ್ರ್ಯಾಪಿನ ನೀರನ್ನು ನೋಡುತ್ತಿರಲಿ, ಇನ್ನೊಬ್ಬರು ಕಮೋಡ್ ಫ್ಲಶ್ ಮಾಡಲಿ. ನೀರು ಅಲುಗಾಡದಿದ್ದರೆ ಒಳ್ಳೆಯದು. ಮಟ್ಟ ಕೆಳಗೆ ಜಗ್ಗಿದರೆ ಎಳೆತ ಇದೆ. ಗುಳ್ಳೆ ಎದ್ದರೆ ತಳ್ಳುವಿಕೆ ಇದೆ. ಬೇಸಿನ್ ತುಂಬಿಸಿ ಬಿಟ್ಟೂ ಇದೇ ಪರೀಕ್ಷೆ ಮಾಡಿ.

ತೆಳುವಾದ ಟಿಶ್ಯೂ ಪೇಪರಿನ ಒಂದು ಎಳೆಯನ್ನು ಜಾಲರಿಯ ಮೇಲೆ ಹಿಡಿದು ನೋಡಿದರೂ ಗಾಳಿ ಯಾವ ಕಡೆ ಹೋಗುತ್ತಿದೆ ಗೊತ್ತಾಗುತ್ತದೆ. ಕೆಲವರು ಊದಿನಕಡ್ಡಿಯ ಹೊಗೆಯಿಂದ ನೋಡುತ್ತಾರೆ. ನಾನು ಕಾಗದವೇ ಸಾಕು ಅನ್ನುತ್ತೇನೆ. ಏಕೆಂದರೆ ಚರಂಡಿಯ ಗಾಳಿಯಲ್ಲಿ ಮೀಥೇನ್ ಇರುತ್ತದೆ, ಅದು ಹತ್ತಿಕೊಳ್ಳುವ ಅನಿಲ. ಚೇಂಬರ್ ಮತ್ತು ಸೆಪ್ಟಿಕ್ ಟ್ಯಾಂಕಿನ ಹತ್ತಿರ ಬೆಂಕಿ ಅಂತೂ ಬೇಡವೇ ಬೇಡ. ಕೊಳೆತ ಮೊಟ್ಟೆಯ ವಾಸನೆ ಕೊಡುವುದು ಹೈಡ್ರೋಜನ್ ಸಲ್ಫೈಡ್. ಅದು ಜಾಸ್ತಿಯಾದರೆ ಮೂಗಿಗೆ ವಾಸನೆ ಗೊತ್ತಾಗುವುದೇ ನಿಂತುಹೋಗುತ್ತದೆ, ಆಗ ಅದು ಜೀವಕ್ಕೇ ಅಪಾಯ. ಪೈಪು ಎಲ್ಲಿ ಕಟ್ಟಿದೆ ನೋಡಿ ಅಂತ ಯಾರನ್ನೂ ಟ್ಯಾಂಕಿನೊಳಗೆ ಇಳಿಸಬೇಡಿ. ಕೈಯಿಂದ ಮಲ ಬಾಚಿಸುವುದನ್ನು ತಡೆಯುವ 2013ರ ಕಾನೂನು ಅದನ್ನು ನಿಷೇಧಿಸಿದೆ, ಅದಕ್ಕಿಂತ ಮೊದಲು ಅದು ಮನುಷ್ಯರ ಪ್ರಾಣದ ವಿಷಯ.

ಪೈಪು ಎಷ್ಟು ದೂರ ಹೋಗಬಹುದು

ಚಿಕ್ಕ ಬಾತ್‌ರೂಮಿಗೆ ಇರುವ ದೊಡ್ಡ ಅನುಕೂಲ ಅಂದರೆ ಎಲ್ಲವೂ ಹತ್ತಿರ ಇರುವುದು. ಕಮೋಡು, ಬೇಸಿನ್, ನೆಲದ ಟ್ರ್ಯಾಪು ಮೂರೂ ನೇರ ಪೈಪಿನ ಹತ್ತಿರವೇ ಇದ್ದರೆ, ಆ ಪೈಪು ತಾರಸಿಯ ಮೇಲೆ ಬಾಯಿ ತೆರೆದಿದ್ದರೆ, ಸಾಮಾನ್ಯವಾಗಿ ಬೇರೆ ಗಾಳಿ ಪೈಪೇ ಬೇಕಾಗುವುದಿಲ್ಲ. ನೀರಿಳಿಯುವ ಪೈಪೇ ಮೇಲೆ ಗಾಳಿಯ ಪೈಪಾಗಿ ಕೆಲಸ ಮಾಡುತ್ತದೆ.

ಹತ್ತಿರ ಅಂದರೆ ಎಷ್ಟು? ಅಮೆರಿಕದಲ್ಲಿ ಬಳಸುವ ಒಂದು ಪ್ಲಂಬಿಂಗ್ ಸಂಹಿತೆಯಲ್ಲಿ, ಅಂದರೆ ನಿಯಮಗಳ ಪುಸ್ತಕದಲ್ಲಿ, ಇದಕ್ಕೆ ಒಂದು ಪಟ್ಟಿ ಇದೆ. ಅಡಿಗೆ ಕಾಲು ಇಂಚು ಇಳಿಜಾರು ಇಟ್ಟರೆ, ಟ್ರ್ಯಾಪಿನಿಂದ ಗಾಳಿ ಸಿಗುವ ಜಾಗಕ್ಕೆ ಒಂದೂವರೆ ಇಂಚಿನ ಪೈಪು 6 ಅಡಿ, 2 ಇಂಚಿನದು 8 ಅಡಿ ದಾಟಬಾರದು. ಈ ಅಂಕಿಗಳು ಎಲ್ಲಿಂದ ಬಂದವು ಅಂತ ನೋಡಿದರೆ ಚಂದದ ಒಂದು ಲೆಕ್ಕ ಸಿಗುತ್ತದೆ. 8 ಅಡಿಗೆ ಅಡಿಗೆ ಕಾಲು ಇಂಚಿನಂತೆ ಒಟ್ಟು ಇಳಿತ 2 ಇಂಚು, ಪೈಪಿನ ಅಗಲವೂ 2 ಇಂಚು. 6 ಅಡಿಗೆ ಒಂದೂವರೆ ಇಂಚು, ಪೈಪೂ ಒಂದೂವರೆ ಇಂಚು. ಅಂದರೆ ಪೈಪು ತನ್ನ ಅಗಲಕ್ಕಿಂತ ಜಾಸ್ತಿ ಕೆಳಗೆ ಇಳಿಯುವ ಮೊದಲೇ ಅದಕ್ಕೆ ಗಾಳಿ ಸಿಗಬೇಕು. ಅದನ್ನು ದಾಟಿದರೆ ಗಾಳಿಯ ಬಾಯಿ ಟ್ರ್ಯಾಪಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ, ಪೈಪು ಸೀಮೆಎಣ್ಣೆ ಎಳೆಯುವ ರಬ್ಬರ್ ಪೈಪಿನಂತೆ ಆಗಿಬಿಡುತ್ತದೆ. ಬ್ರಿಟನ್ನಿನ ನಿಯಮವೂ ಹೆಚ್ಚುಕಡಿಮೆ ಹೀಗೇ ಇದೆ. ಬೇಸಿನ್ನಿನ 32 ಮಿಲಿಮೀಟರ್ ಪೈಪು ಗಾಳಿಯಿಲ್ಲದೆ ಹೋಗಬಹುದಾದ ದೂರ 1.7 ಮೀಟರ್ ಮಾತ್ರ.

ಇದೇ ಲೆಕ್ಕ ಇನ್ನೊಂದು ಪಾಠವನ್ನೂ ಹೇಳುತ್ತದೆ. ನೀರು ಬೇಗ ಹೋಗಲಿ ಅಂತ ಮೇಸ್ತ್ರಿಗಳು ಇಳಿಜಾರು ಜಾಸ್ತಿ ಕೊಡುತ್ತಾರೆ. ಅದು ಒಳ್ಳೆಯದಲ್ಲ. ಇಳಿಜಾರು ಹೆಚ್ಚಾದಷ್ಟೂ ಎಳೆತ ಹೆಚ್ಚು. ಕಮೋಡಿನ ಪೈಪಿನಲ್ಲಿ ನೀರು ಮುಂದೆ ಓಡಿ ಗಟ್ಟಿ ಕಸ ಹಿಂದೆ ಉಳಿಯುವುದೂ ಉಂಟು. ಅಡಿಗೆ ಕಾಲು ಇಂಚು ಸಾಕು.

ಚಿಕ್ಕ ಬಾತ್‌ರೂಮುಗಳಲ್ಲಿ ತೊಂದರೆ ಶುರುವಾಗುವುದು ಬೇಸಿನ್ನಿನ ಜಾಗ ಬದಲಿಸಿದಾಗ. ಬಾಗಿಲ ಹತ್ತಿರ ಚೆನ್ನಾಗಿ ಕಾಣುತ್ತದೆ ಅಂತ ಅದನ್ನು ಎದುರು ಗೋಡೆಗೆ ಹಾಕುತ್ತೇವೆ. ಒಂದೂಕಾಲು ಇಂಚಿನ ಸಣ್ಣ ಪೈಪನ್ನೇ ಏಳೆಂಟು ಅಡಿ ನೆಲದೊಳಗೆ ಎಳೆಯುತ್ತೇವೆ, ನಡುವೆ ಮೂರು ಎಲ್ಬೋ. ಹೀಗೆ ದೂರ ಹೋಗಲೇಬೇಕಾದರೆ ಪೈಪನ್ನು 50 ಮಿಲಿಮೀಟರಿಗೆ ಏರಿಸಿ. ದೊಡ್ಡ ಪೈಪಿನಲ್ಲಿ ನೀರು ತಳದಲ್ಲಿ ಹರಿಯುತ್ತದೆ, ಮೇಲೆ ಗಾಳಿಗೆ ಜಾಗ ಉಳಿಯುತ್ತದೆ. ಇಷ್ಟೇ ಬದಲಾವಣೆಯಿಂದ ಅರ್ಧ ತೊಂದರೆ ತಪ್ಪುತ್ತದೆ.

ಗಾಳಿಗೆ ದಾರಿ ಎಲ್ಲಿಂದ ಕೊಡುವುದು

ಸ್ವಂತ ಮನೆಯಾಗಿದ್ದರೆ ನನ್ನ ಮೊದಲ ಆಯ್ಕೆ ಹಳೆಯ ಪದ್ಧತಿಯೇ. ನೀರಿನ ಪೈಪನ್ನು ಅದೇ ಅಗಲದಲ್ಲಿ ತಾರಸಿ ದಾಟಿಸಿ ನಿಲ್ಲಿಸಿ. ಮೇಲೆ ಹೋಗುತ್ತಾ ಸಣ್ಣದು ಮಾಡಬೇಡಿ. ಜನ ಓಡಾಡುವ ತಾರಸಿಯಾದರೆ ಪ್ಯಾರಪೆಟ್‌ಗಿಂತ ಐದಡಿ ಎತ್ತರಕ್ಕೆ ಒಯ್ಯಿರಿ. ಹತ್ತಡಿಯೊಳಗೆ ಕಿಟಕಿಯಿದ್ದರೆ ಅದರ ತಲೆಗಿಂತ ಮೇಲೆ ಹೋಗಲಿ, ಪಕ್ಕದ ಮನೆಯವರ ಕಿಟಕಿಯೂ ಈ ಲೆಕ್ಕಕ್ಕೆ ಸೇರಿದೆ. ಬಾಯಿಗೆ ಕೌಲ್ ಹಾಕಿ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಕಟ್ಟಿದರೆ ಧೂಳು ಹಿಡಿದು ಮುಚ್ಚಿಕೊಳ್ಳುತ್ತದೆ. ಮಳೆನೀರು ಒಳಗೆ ಬಿದ್ದರೆ ಏನಾಗುತ್ತದೆ ಅಂತ ಕೇಳುತ್ತಾರೆ. ಪೈಪಿನ ಬಾಯಿಯಷ್ಟು ಮಳೆ ಬಿದ್ದರೆ ಏನೂ ಆಗುವುದಿಲ್ಲ. ಆದರೆ ತಾರಸಿಯ ನೀರನ್ನೇ ಇದಕ್ಕೆ ತಿರುಗಿಸುವವರಿದ್ದಾರೆ. ಅದು ತಪ್ಪು. ಜೋರು ಮಳೆಯಲ್ಲಿ ಪೈಪು ತುಂಬಿ ಟ್ರ್ಯಾಪುಗಳೆಲ್ಲ ಹೋಗುತ್ತವೆ. ಬೆಂಗಳೂರಿನಲ್ಲಿ ಮಳೆನೀರನ್ನು ಒಳಚರಂಡಿಗೆ ಬಿಡುವುದಕ್ಕೆ ಜಲಮಂಡಳಿಯ ನಿಷೇಧವೂ ಇದೆ.

ಪೈಪು ಕೊಳ್ಳುವಾಗ ಒಂದು ಮಾತು. ಕೊಳೆನೀರು, ಮಳೆನೀರಿಗೆ ಬಳಸುವ ಎಸ್‌ಡಬ್ಲ್ಯುಆರ್ ಪಿವಿಸಿ ಪೈಪುಗಳಲ್ಲಿ ಎರಡು ಬಗೆ ಇವೆ. ಐಎಸ್ 13592 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಟೈಪ್ ಎ ಗಾಳಿ ಮತ್ತು ಮಳೆನೀರಿಗೆ, ಟೈಪ್ ಬಿ ಕೊಳೆನೀರಿಗೆ. ಟೈಪ್ ಎ ತೆಳು, ಬೆಲೆ ಕಡಿಮೆ. ನೀರು ಇಳಿಯುವ ಭಾಗಕ್ಕೆ ಅದನ್ನು ಹಾಕಿಸಬೇಡಿ. ಪೈಪಿನ ಮೇಲೇ ಅಚ್ಚಾಗಿರುತ್ತದೆ, ಓದಿ ನೋಡಿ.

ಬೇಸಿನ್ ದೂರ ಇದ್ದು ಅದಕ್ಕೆ ಪ್ರತ್ಯೇಕ ಗಾಳಿ ಬೇಕಾದರೆ, ಟ್ರ್ಯಾಪಿನ ಸ್ವಲ್ಪ ಮುಂದೆ ಒಂದು ಕವಲು ತೆಗೆದು ಮೇಲಕ್ಕೆ ಒಯ್ಯಬೇಕು. ಈ ಕವಲು ಪೈಪಿನ ಮೇಲ್ಭಾಗದಿಂದ ಹೊರಡಬೇಕು. ಪಕ್ಕದಿಂದಲೋ ಕೆಳಗಿಂದಲೋ ತೆಗೆದರೆ ಕೊಳೆ ಸೇರಿ ಮುಚ್ಚುತ್ತದೆ. ಬೇಸಿನ್ನಿನ ಅಂಚಿಗಿಂತ ಕನಿಷ್ಠ ಆರು ಇಂಚು ಮೇಲೆ ಹೋದ ಮೇಲೆಯೇ ಅದನ್ನು ಅಡ್ಡ ತಿರುಗಿಸಿ ಮುಖ್ಯ ಗಾಳಿ ಪೈಪಿಗೆ ಸೇರಿಸಬೇಕು. ಅದಕ್ಕಿಂತ ಕೆಳಗೆ ತಿರುಗಿಸಿದರೆ, ಎಂದಾದರೂ ಪೈಪು ಕಟ್ಟಿದಾಗ ಕೊಳೆನೀರು ಗಾಳಿ ಪೈಪಿನಲ್ಲೇ ಹರಿಯಲು ಶುರುವಾಗುತ್ತದೆ. ಬೇಸಿನ್ ಸಲೀಸಾಗಿ ಖಾಲಿಯಾಗುವುದರಿಂದ ಕಟ್ಟಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಅಡ್ಡ ಹೋಗುವ ಭಾಗಕ್ಕೂ ಹಿಂದಕ್ಕೆ ಚೂರು ಇಳಿಜಾರು ಇರಲಿ. ಒಳಗೆ ಕಟ್ಟುವ ಹಬೆನೀರು ವಾಪಸ್ ಇಳಿಯಬೇಕಲ್ಲ.

ಈ ಪೈಪನ್ನು ಎಲ್ಲಿ ಅಡಗಿಸುವುದು? ನಾಲ್ಕೂವರೆ ಇಂಚಿನ ಗೋಡೆಯನ್ನು ಅಡ್ಡಡ್ಡ ಕೊರೆದರೆ ಗೋಡೆ ಸಡಿಲವಾಗುತ್ತದೆ. ಗೋಡೆಗೆ ತೂಗುವ ಕಮೋಡು ಹಾಕಿಸುವವರು ಟ್ಯಾಂಕ್ ಮುಚ್ಚಲು ಹೇಗೂ ಆರೇಳು ಇಂಚಿನ ಲೆಡ್ಜ್ ಗೋಡೆ ಕಟ್ಟಿಸುತ್ತಾರೆ. ಗಾಳಿ ಪೈಪನ್ನೂ ಅದರೊಳಗೇ ಏರಿಸಿ. ಬೇಸಿನ್ನೂ ಅದೇ ಗೋಡೆಗೆ ಬಂದರೆ ಇನ್ನೂ ಒಳ್ಳೆಯದು. ಆಗ ಇನ್ನೊಂದು ಉಪಾಯ ಸಿಗುತ್ತದೆ. ಬೇಸಿನ್ನಿನ ನೇರ ಪೈಪನ್ನು 50 ಅಥವಾ 75 ಮಿಲಿಮೀಟರಿಗೆ ದೊಡ್ಡದು ಮಾಡಿ, ಅದನ್ನೇ ತಾರಸಿಗೆ ಮುಂದುವರಿಸಿದರೆ, ಕೆಳಗಿನ ನೆಲದ ಟ್ರ್ಯಾಪಿಗೂ ಅದರಿಂದಲೇ ಗಾಳಿ ಸಿಗುತ್ತದೆ. ಬೇಸಿನ್ನಿನಿಂದ ಬರುವ ನೀರು ಸ್ವಲ್ಪವೇ, ಪೈಪು ತುಂಬುವುದಿಲ್ಲ. ಒಂದೇ ಪೈಪು ನೀರನ್ನೂ ಇಳಿಸುತ್ತದೆ, ಗಾಳಿಯನ್ನೂ ಕೊಡುತ್ತದೆ. ಜಾಗವಿಲ್ಲದ ಬಾತ್‌ರೂಮಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಡಕ್ಟಿನ, ಅಂದರೆ ಪೈಪುಗಳು ಇಳಿಯುವ ಸಂದಿನ ಪೈಪು ಎಲ್ಲರದ್ದು. ಅದನ್ನು ನೀವು ಮುಟ್ಟುವಂತಿಲ್ಲ. ಆದರೆ ತಾರಸಿಗೆ ಹೋಗಿ ಅದರ ಬಾಯಿ ತೆರೆದಿದೆಯೇ ಅಂತ ನೋಡಬಹುದು. ವಾಟರ್‌ಪ್ರೂಫಿಂಗ್ ಮಾಡುವಾಗ, ಸೋಲಾರ್ ಕೂರಿಸುವಾಗ ಅಡ್ಡ ಬಂತು ಅಂತ ಯಾರೋ ಕತ್ತರಿಸಿ ಮುಚ್ಚಿರುವುದು ಉಂಟು. ಹಾಗಿದ್ದರೆ ಸಂಘದವರಿಗೆ ಹೇಳಿ ತೆಗೆಸಿ. ಅಲ್ಲಿ ಮುಚ್ಚಳ ಇರುವವರೆಗೂ ಒಬ್ಬರ ಫ್ಲಶ್ ಇನ್ನೊಬ್ಬರ ಮನೆಯ ಟ್ರ್ಯಾಪನ್ನು ಒಣಗಿಸುತ್ತಲೇ ಇರುತ್ತದೆ.

ಇಂಥ ಕಡೆ, ಹೊಸ ಗಾಳಿ ಪೈಪು ಏರಿಸಲು ದಾರಿಯೇ ಇಲ್ಲದಾಗ, ಗಾಳಿ ಎಳೆಯುವ ವಾಲ್ವ್ ಒಂದು ಉಪಾಯ. ಏರ್ ಅಡ್ಮಿಟೆನ್ಸ್ ವಾಲ್ವ್ ಅಂತ ಕೇಳಿ. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಬಳಕೆಗೆ ಬಂದ ಸಾಧನ. ಒಳಗೆ ರಬ್ಬರಿನ ಒಂದು ತೆಳು ಮುಚ್ಚಳ ಇರುತ್ತದೆ. ಪೈಪು ಗಾಳಿ ಎಳೆದಾಗ ಅದು ತೆರೆದು ಕೋಣೆಯ ಗಾಳಿ ಒಳಗೆ ಬಿಡುತ್ತದೆ, ಎಳೆತ ನಿಂತ ಕೂಡಲೇ ತನ್ನ ಭಾರಕ್ಕೆ ಮುಚ್ಚಿಕೊಳ್ಳುತ್ತದೆ. ವಾಸನೆ ಹೊರಗೆ ಬರುವುದಿಲ್ಲ. ಆದರೆ ಅದು ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ. ಕೆಳಗಿಂದ ತಳ್ಳುವ ಒತ್ತಡಕ್ಕೆ ಅದರಲ್ಲಿ ಪರಿಹಾರ ಇಲ್ಲ. ಹಾಗಾಗಿ ಕಟ್ಟಡದಲ್ಲಿ ತಾರಸಿಗೆ ತೆರೆದ ಒಂದು ಪೈಪಾದರೂ ಇರಲೇಬೇಕು. ವಾಲ್ವು ನೆಟ್ಟಗೆ ನಿಲ್ಲಬೇಕು, ಅದಕ್ಕೆ ಗಾಳಿ ಸಿಗಬೇಕು, ರಬ್ಬರ್ ಹಳೆಯದಾದರೆ ಬದಲಿಸಲು ಕೈಗೆ ಸಿಗಬೇಕು. ಟೈಲ್ಸ್ ಹಿಂದೆ ಹುದುಗಿಸಿ ಗಾರೆ ಮಾಡಿದರೆ ಹಾಕಿಯೂ ಪ್ರಯೋಜನವಿಲ್ಲ. ಬೇಸಿನ್ನಿನ ಕೆಳಗಿನ ಕಪಾಟು ಅದಕ್ಕೆ ಒಳ್ಳೆಯ ಜಾಗ.

ಮುಚ್ಚಿ ಹಾಕುವ ಮದ್ದುಗಳು

ಜಿರಳೆ ಬರಬಾರದು, ವಾಸನೆ ಬರಬಾರದು ಅಂತ ಈಗ ನೆಲದ ಟ್ರ್ಯಾಪಿಗೆ ಸಿಲಿಕೋನ್ ನಾಲಗೆಯ ಮುಚ್ಚಳಗಳು ಸಿಗುತ್ತವೆ. ಕೆಲವು ಚೆನ್ನಾಗಿವೆ. ಆದರೆ ಬೇಸಿನ್ನಿನ ಪೈಪು ನೆಲದ ಟ್ರ್ಯಾಪಿಗೇ ಬಂದು ಸೇರುವ ಮನೆಯಲ್ಲಿ, ಆ ಜಾಲರಿ ಬೇಸಿನ್ನಿಗೆ ಗಾಳಿಯ ದಾರಿ ಅಂತ ಆಗಲೇ ಹೇಳಿದೆನಲ್ಲ. ಅದನ್ನು ಮುಚ್ಚಿದರೆ ಬೇಸಿನ್ ನಿಧಾನವಾಗುತ್ತದೆ, ಗೊರಗೊರ ಶುರುವಾಗುತ್ತದೆ. ಬೇಸಿನ್ನಿಗೆ ಬಾಟಲ್ ಟ್ರ್ಯಾಪೂ ಇದ್ದು, ಅದರ ಪೈಪು ನೆಲದ ಟ್ರ್ಯಾಪಿನ ನೀರಿನೊಳಗೆ ಮುಳುಗುವ ಹಾಗೆ ಸೇರಿದ್ದರೂ ಇದೇ ಕಥೆ. ಎರಡು ನೀರಿನ ಬಾಗಿಲ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಪೈಪು ನೀರಿನ ಮಟ್ಟಕ್ಕಿಂತ ಮೇಲೆ ಬಂದು ಬೀಳಲಿ.

ವಾಷಿಂಗ್ ಮಷೀನನ್ನು ಬಾತ್‌ರೂಮಿನಲ್ಲೇ ಇಡುವವರು ಇನ್ನೂ ಹುಷಾರಾಗಿರಬೇಕು. ಅದು ಪಂಪಿನಿಂದ ನೀರು ನೂಕುತ್ತದೆ. ಅದಕ್ಕೆ 50 ಮಿಲಿಮೀಟರಿನ ಪ್ರತ್ಯೇಕ ನಿಲುಪೈಪು, ತನ್ನದೇ ಟ್ರ್ಯಾಪು ಕೊಡುವುದು ಒಳ್ಳೆಯದು. ಮಷೀನಿನ ಹೋಸನ್ನು ಪೈಪಿನ ಬಾಯಿಗೆ ಬಿಗಿಯಾಗಿ ಅಂಟಿಸದೆ ಸಡಿಲವಾಗಿ ಇಳಿಬಿಡಿ, ಸುತ್ತ ಗಾಳಿ ಆಡಲಿ.

ಎಕ್ಸಾಸ್ಟ್ ಫ್ಯಾನಿನ ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಕಿಟಕಿ ಭದ್ರ, ಬಾಗಿಲು ಭದ್ರ, ಫ್ಯಾನು ಹೊರಗೆ ಎಳೆಯುತ್ತಿದೆ ಅಂದರೆ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಟ್ರ್ಯಾಪ್ ಒಣಗಿದ್ದರೆ ಚರಂಡಿಯಿಂದ ಬರುತ್ತದೆ. 2003ರ ಮಾರ್ಚಿನಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನಕ್ಕೆ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿತು, 40ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬಾತ್‌ರೂಮಿನ ನೆಲದ ಟ್ರ್ಯಾಪುಗಳು ಒಣಗಿದ್ದವು. ಎಕ್ಸಾಸ್ಟ್ ಫ್ಯಾನುಗಳು ಕೊಳೆಪೈಪಿನ ಗಾಳಿಯನ್ನು, ಅದರಲ್ಲಿದ್ದ ಸೋಂಕಿನ ಹನಿಗಳನ್ನು ಮನೆಯೊಳಗೆ ಎಳೆದವು ಅಂತ ತನಿಖೆ ಮಾಡಿದವರು ಹೇಳಿದರು. ಅದನ್ನು ಓದಿದ ಮೇಲೆ ಎರಡು ಇಂಚು ನೀರನ್ನು ನಾನು ಹಗುರವಾಗಿ ನೋಡಿಲ್ಲ. ಬಾಗಿಲ ಕೆಳಗೆ ಅರ್ಧ ಇಂಚು ಸಂದು ಬಿಡಿಸಿ, ಫ್ಯಾನಿಗೆ ಗಾಳಿ ಅಲ್ಲಿಂದ ಬರಲಿ. ಬಳಸದ ಬಾತ್‌ರೂಮಿಗೆ ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹಾಕಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ, ಟ್ರ್ಯಾಪಿನ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಅದು ಮೇಲೆ ತೇಲಿಕೊಂಡು ನೀರು ಆವಿಯಾಗುವುದನ್ನು ನಿಧಾನ ಮಾಡುತ್ತದೆ.

ನಮ್ಮ ಮನೆಯಲ್ಲಿ ಕೊನೆಗೆ ಆದದ್ದು ಬಹಳ ಸರಳ. ಮುಚ್ಚಳಗಳನ್ನು ಕತ್ತರಿಸಿ ತೆಗೆದೆವು. ಎರಡೂ ಪೈಪುಗಳನ್ನು ಮತ್ತೆ ಪ್ಯಾರಪೆಟ್ ದಾಟಿಸಿ, ಕೌಲ್ ಹಾಕಿದೆವು. ಎಲ್ಲವೂ ಹೊರಗೋಡೆಯ ಮೇಲೆ ಇದ್ದುದರಿಂದ ಒಂದು ಟೈಲ್ಸೂ ಒಡೆಯಬೇಕಾಗಲಿಲ್ಲ. ಒಂದು ಮಧ್ಯಾಹ್ನದ ಕೆಲಸ. ಆ ಸಂಜೆ ಜಾಲರಿ ಎತ್ತಿ, ಟಾರ್ಚ್ ಹಿಡಿದು ಕೂತೆ. ಮಗಳು ಮೂರು ಸಲ ಫ್ಲಶ್ ಮಾಡಿದಳು. ಟ್ರ್ಯಾಪಿನ ನೀರು ಅಲುಗಾಡಲಿಲ್ಲ.

ಕೆಳಗಿನ ಬಾತ್‌ರೂಮನ್ನು ಮುಂದಿನ ವರ್ಷ ಮಾಡಿಸಿದಾಗ ಪ್ಲಂಬರ್ ಬಂದ ಮೊದಲ ದಿನವೇ ಅವರನ್ನು ತಾರಸಿಗೆ ಕರೆದುಕೊಂಡು ಹೋದೆ. ಪೈಪೆಲ್ಲ ಜೋಡಿಸಿದ ಮೇಲೆ, ಸಿಮೆಂಟ್ ಮುಚ್ಚುವ ಮೊದಲು, ನೆಲದ ಮೇಲೆ ಅಳತೆ ಟೇಪು ಇಟ್ಟು ಎಲ್ಲ ಕೋನದಿಂದ ಫೋಟೋ ತೆಗೆದುಕೊಂಡೆವು. ಯಾವ ಕವಲು ಎಲ್ಲಿಂದ ಹೊರಟು ಎಷ್ಟು ಅಡಿಗೆ ಗಾಳಿ ಪೈಪು ಸೇರುತ್ತದೆ ಅನ್ನುವುದು ಆ ಫೋಟೋಗಳಲ್ಲಿದೆ. ಅವನ್ನು ಮನೆಯ ಪತ್ರಗಳ ಜೊತೆ ಅದೇ ಫೈಲಿನಲ್ಲಿ ಇಟ್ಟಿದ್ದೇನೆ.